ನೀರು ಮುಟ್ಟಿ ಇಳಿದ ಸಿಪಾಯಿ

ತಮ್ಮ ಬಿದ್ದು "ಅಣ್ಣಾ" ಎಂದು ಕೂಗಿದಾಗ ನಾನು ನಿಲ್ಲಲಿಲ್ಲ. ಕೂಗು ಕೇಳಿಸಿತ್ತು. ನಿಲ್ಲುವುದಿರಲಿ, ತಿರುಗಿ ಸಹ ನೋಡಲಿಲ್ಲ. ಆಮೇಲೆ ಕೇಳಿದವರಿಗೆಲ್ಲ "ಗಾಳಿ ಜೋರಿತ್ತು, ಏನೂ ಕೇಳಿಸಲಿಲ್ಲ" ಎಂದೆ. ಇಂಗ್ಲೆಂಡಿನ ಸೌತ್‌ಪೋರ್ಟ್ ಕಡೆಯ ಕಡಲಗಾಳಿಗೆ ಬೈದವರು ಬಹಳ ಜನ ಇದ್ದಾರೆ. ಅದರ ಮೇಲೆ ಸುಳ್ಳು ಆರೋಪ ಹೊರಿಸಿದವನು ಬಹುಶಃ ನಾನೊಬ್ಬನೇ.

ಇದು ನಡೆದದ್ದು ಯುದ್ಧದ ನಡುವೆ. ಯುದ್ಧ ನಿಜವಾದದ್ದಲ್ಲ, ಸಿನಿಮಾದ್ದು. ಕಾಲು ಮುರಿದದ್ದು ಮಾತ್ರ ನಿಜ.

ನನ್ನ ಓದು ದಾವಣಗೆರೆಯಲ್ಲಿ ಎಂಟನೇ ಕ್ಲಾಸಿಗೆ ಮುಗಿಯಿತು. ತಮ್ಮನನ್ನು ಓದಿಸಲು ತ್ಯಾಗ ಮಾಡಿದನೆಂದು ನೆಂಟರು ಹೇಳುವುದುಂಟು, ನಾನೂ ಸುಮ್ಮನೆ ತಲೆಯಾಡಿಸಿದ್ದುಂಟು. ನಿಜವೇನೆಂದರೆ, ಲೆಕ್ಕದ ಮೇಷ್ಟ್ರ ಬೆತ್ತಕ್ಕಿಂತ ಅಮ್ಮನ ಖಾನಾವಳಿಯ ಕಾದ ಹೆಂಚೇ ತಂಪು ಅನ್ನಿಸಿತು. ನಾನು ದೋಸೆ ಹಾಕಿದೆ, ತಮ್ಮ ಓದಿದ. ಓದಿ ಅರಿವಳಿಕೆ ಡಾಕ್ಟರಾದ. ಆಪರೇಷನ್ನಿಗೆ ಮುಂಚೆ ರೋಗಿಯನ್ನು ಮಲಗಿಸುವ ಕೆಲಸ. "ಅಷ್ಟೆಲ್ಲಾ ಓದಿ ಕೊನೀಗೆ ಜೋಗುಳ ಹಾಡೋ ಕೆಲಸ ಹಿಡಿದಾನೆ" ಎಂದು ಅಮ್ಮ ಊರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದಳು.

ಅವನು ಸ್ಟಾಕ್‌ಪೋರ್ಟಿನ ಆಸ್ಪತ್ರೆಗೆ ಬಂದ ಎರಡು ವರ್ಷಕ್ಕೆ ನನ್ನನ್ನೂ ಕರೆಸಿಕೊಂಡ. ಮ್ಯಾಂಚೆಸ್ಟರಿನಲ್ಲಿ ದಕ್ಷಿಣ ಭಾರತದ ಅಡುಗೆಯ ಹೋಟೆಲ್ ನಡೆಸುತ್ತಿದ್ದವರೊಬ್ಬರಿಗೆ ದೋಸೆ ಮಾಡುವವನು ಬೇಕಾಗಿತ್ತು. ಪರ್ಮಿಟ್ಟಿನಿಂದ ಹಿಡಿದು ಉಣ್ಣೆಯ ಕಾಲುಚೀಲದವರೆಗೆ ಎಲ್ಲವನ್ನೂ ತಮ್ಮನೇ ನೋಡಿಕೊಂಡ. ಅವನ ಮನೆಯ ಹಿಂದಿನ ಕೋಣೆ ನನ್ನದಾಯಿತು. ಊರಲ್ಲಿ ನಾನು ಖಾನಾವಳಿ ಅಮ್ಮನ ಮಗ, ಇಲ್ಲಿ ಡಾಕ್ಟರ ಅಣ್ಣ. ನನ್ನ ಹೆಸರಿನ ಮುಂದೆ ಯಾವಾಗಲೂ ಇನ್ನೊಬ್ಬರು ನಿಂತಿರುತ್ತಿದ್ದರು.

ತಮ್ಮನಿಗೆ ಆಸ್ಪತ್ರೆ ಬಿಟ್ಟರೆ ಕ್ರಿಕೆಟ್. ಶನಿವಾರದ ಲೀಗಿನಲ್ಲಿ ವೇಗದ ಬೌಲರ್. ಅವನ ಓಟ ನೋಡಬೇಕಿತ್ತು. ಬೌಂಡರಿಯ ಹತ್ತಿರದಿಂದ ಶುರು ಮಾಡಿ, ಮೊದಲು ನಿಧಾನಕ್ಕೆ, ಆಮೇಲೆ ಕುದುರೆಯ ಹಾಗೆ ಬಂದು ಎಡಗಾಲನ್ನು ನೆಲಕ್ಕೆ ಬಡಿದು ಚೆಂಡು ಬಿಡುತ್ತಿದ್ದ. ರೋಗಿಗಳನ್ನು ಅಷ್ಟು ಮೆಲ್ಲಗೆ ಮಲಗಿಸುವವನು ಇವನೇನಾ ಅನ್ನಿಸುತ್ತಿತ್ತು. ಆ ಎಡಗಾಲನ್ನು ನೆನಪಿಟ್ಟುಕೊಳ್ಳಿ.

ಪ್ರತಿ ಮಂಗಳವಾರ ಮಧ್ಯಾಹ್ನ ನಮ್ಮ ಹೋಟೆಲಿಗೆ ಒಬ್ಬ ಇಂಗ್ಲಿಷ್ ಅಜ್ಜ ಬರುತ್ತಿದ್ದರು. ಮಸಾಲೆ ದೋಸೆಯನ್ನು ಚಾಕು, ಫೋರ್ಕಿನಲ್ಲಿ ಅಳತೆ ಹಿಡಿದು ಕತ್ತರಿಸಿ ತಿನ್ನುವವರು. ಹೋಟೆಲ್ ಖಾಲಿಯಾದ ಮೇಲೆ ನಾನು ಅವರೆದುರು ಕೂರುತ್ತಿದ್ದೆ. ನನ್ನ ಇಂಗ್ಲಿಷು ಅರ್ಧ, ಅವರ ಕಿವಿ ಅರ್ಧ, ಎರಡೂ ಸೇರಿ ಮಾತು ಪೂರ್ತಿಯಾಗುತ್ತಿತ್ತು.

ಅವರು ಹತ್ತೊಂಬತ್ತರ ವಯಸ್ಸಿನಲ್ಲಿ ಯುದ್ಧದ ಬೋಟು ನಡೆಸಿದವರು. ಎರಡನೇ ಮಹಾಯುದ್ಧ, ಬರ್ಮಾದ ಕರಾವಳಿ, ದಂಡೆ ಜಪಾನೀಯರ ಕೈಯಲ್ಲಿ. ದೊಡ್ಡ ಹಡಗಿನಿಂದ ಕಾಲಾಳು ಸಿಪಾಯಿಗಳನ್ನು ಚಪ್ಪಟೆ ತಳದ ಬೋಟಿಗೆ ಇಳಿಸಿಕೊಂಡು ದಂಡೆ ಮುಟ್ಟಿಸುವುದು ಅವರ ಕೆಲಸ. ಸಿಪಾಯಿಗಳು ನಮ್ಮ ಕಡೆಯವರು, ಮದ್ರಾಸಿನವರು ಎಂದು ಅವರ ನೆನಪು. ಆ ಕಾಲದಲ್ಲಿ ಇವರಿಗೆ ನಮ್ಮ ಕಡೆಯವರೆಲ್ಲ ಮದ್ರಾಸಿನವರೇ.

ಅವರು ಅದನ್ನೆಲ್ಲ ತಟ್ಟೆಯಲ್ಲೇ ತೋರಿಸುತ್ತಿದ್ದರು. ಚಟ್ನಿ ಸಮುದ್ರ. ಸುರುಳಿ ದೋಸೆಯ ತುಂಡು ಬೋಟು. ಸಾಂಬಾರಿನ ಬಟ್ಟಲು ಹಿಂದೆ ನಿಂತು ಗುಂಡು ಹಾರಿಸುವ ಹಡಗು. ಉದ್ದಿನ ವಡೆ ಶತ್ರುಗಳ ಮೆಷಿನ್‌ಗನ್ ಗೂಡು.

"ಮೂರು ಸಾಲಾಗಿ ಕುಕ್ಕರಗಾಲಲ್ಲಿ ಕೂತಿರ್ತಿದ್ರು" ಎನ್ನುತ್ತಿದ್ದರು. "ಒಬ್ಬರೂ ಮಾತಾಡ್ತಿರಲಿಲ್ಲ. ವಾಂತಿ ಮಾಡ್ತಿದ್ರು, ಆದ್ರೆ ಬಹಳ ಮರ್ಯಾದೆಯಿಂದ, ಪಕ್ಕದವನ ಬೂಟಿಗೆ ತಾಗದ ಹಾಗೆ. ಡೀಸೆಲ್ ವಾಸನೆ, ಹೊಗೆ. ತಳ ಮರಳಿಗೆ ಉಜ್ಜಿದ ಕೂಡಲೇ ಮುಂದಿನ ಹಲಗೆ ಬೀಳಿಸಬೇಕು. ಸೊಂಟದವರೆಗೆ ನೀರು, ಕೆಳಗೆ ಕೆಸರು, ಬಂದೂಕು ತಲೆಯ ಮೇಲೆ. ಆಮೇಲೆ ಓಟ."

"ಮುಂದಿನವನು ಬಿದ್ರೆ?"

"ದಾಟಿ ಓಡಬೇಕು. ನಿಲ್ಲೋ ಹಾಗಿಲ್ಲ. ನೀನು ನಿಂತರೆ ಹಿಂದಿನವರೆಲ್ಲ ಬೋಟಿನಲ್ಲೇ ಸಾಯ್ತಾರೆ."

ಹೀಗೆಂದು ಅವರು ಮೆಷಿನ್‌ಗನ್ ಗೂಡನ್ನು ಚಟ್ನಿಯಲ್ಲಿ ಅದ್ದಿ ತಿಂದರು. ಆ ಮಾತನ್ನು ನಾನು ಮುಂದೆ ಎಷ್ಟು ದುಡಿಸಿಕೊಳ್ಳಲಿದ್ದೇನೆಂದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಒಂದು ಮಂಗಳವಾರ ಅಜ್ಜನ ಜೊತೆ ಒಬ್ಬ ಮೇಡಂ ಬಂದರು. ಶಾಲೆಯಲ್ಲಿ ನಾಟಕ ಕಲಿಸಿ ನಿವೃತ್ತರಾದವರು, ಹವ್ಯಾಸಕ್ಕೆ ಸಿನಿಮಾ ಮಾಡುವ ಗುಂಪೊಂದರ ಮುಖ್ಯಸ್ಥೆ. ಅಜ್ಜನ ಬೋಟಿನ ಕತೆಯನ್ನು ಅರ್ಧ ಗಂಟೆಯ ಚಿತ್ರ ಮಾಡಬೇಕೆಂದು ಹೊರಟಿದ್ದರು. ಮೇಡಂ ಎಲ್ಲರನ್ನೂ "ಲವ್" ಎಂದು ಕರೆಯುವವರು. "ನನಗೆ ಹನ್ನೆರಡು ಜನ ಭಾರತೀಯ ಸಿಪಾಯಿಗಳು ಬೇಕು, ಲವ್. ಊಟ ನಿಮ್ಮದೇ, ಬಟ್ಟೆ ನನ್ನದು" ಎಂದರು. ನಾನು ಒಪ್ಪಿಕೊಂಡೆ. ಜೀವನದಲ್ಲಿ ಮೊದಲ ಸಲ ಸೈನ್ಯ ಕಟ್ಟುವ ಅಧಿಕಾರ ಸಿಕ್ಕಿತ್ತು.

ಹೋಟೆಲಿಗೆ ಬರುವ ಕನ್ನಡದವರನ್ನೆಲ್ಲ ಹಿಡಿದೆ. ಡಿಡ್ಸ್‌ಬರಿಯ ಜಿಪಿ, ಅಂದರೆ ಬಡಾವಣೆಯ ಡಾಕ್ಟರೊಬ್ಬರು, "ಅಲ್ರೀ, ಸಸ್ಯಾಹಾರಿಗಳು ಯುದ್ಧ ಮಾಡಬಹುದೇನ್ರೀ?" ಎಂದರು. "ಬಂದೂಕೂ ಸಸ್ಯಾಹಾರಿನೇ ಸಾರ್, ಬರೀ ಮರ, ಪ್ಲಾಸ್ಟಿಕ್ಕು" ಎಂದೆ. ಸಟನ್ ಕೋಲ್ಡ್‌ಫೀಲ್ಡಿನಿಂದ ಬರಲಿದ್ದ ಇಬ್ಬರು ಸಾಫ್ಟ್‌ವೇರಿನವರು ಶತ್ರುಗಳ ದಂಡೆಯ ಬಗ್ಗೆ ಕೇಳಿದ ಮೊದಲ ಪ್ರಶ್ನೆ, ಅಲ್ಲಿ ಪಾರ್ಕಿಂಗ್ ಇದೆಯಾ ಎಂದು. ತಮ್ಮ, "ರೋಟಾ ನೋಡ್ತೀನಣ್ಣ" ಎಂದ. ನೋಡಿ, ಯಾರದೋ ಕೈಕಾಲು ಹಿಡಿದು ಡ್ಯೂಟಿ ಬದಲಾಯಿಸಿಕೊಂಡ. ನಾನು ಕರೆದೆ ಎಂಬುದಷ್ಟೇ ಕಾರಣ.

ಮಾರ್ಚ್ ತಿಂಗಳ ಒಂದು ಭಾನುವಾರ ಸೌತ್‌ಪೋರ್ಟಿನ ಆಚೆ, ಮರಳ ದಿಬ್ಬಗಳಿರುವ ದಂಡೆಗೆ ಹೋಗಿ ಇಳಿದೆವು. ಹೋಗಿ ನೋಡಿದರೆ ಸಮುದ್ರವೇ ಇಲ್ಲ. ಅಲ್ಲಿ ಇಳಿತ ಬಂದರೆ ನೀರು ಕಣ್ಣಿಗೆ ಕಾಣದಷ್ಟು ದೂರ ಹೋಗಿಬಿಡುತ್ತದೆ. "ಬರತ್ತೆ ಲವ್, ಮಧ್ಯಾಹ್ನಕ್ಕೆ ಬರತ್ತೆ" ಎಂದು ಮೇಡಂ ತಡವಾದ ಬಸ್ಸಿನ ಬಗ್ಗೆ ಹೇಳುವಂತೆ ಹೇಳಿದರು. ಬೋಟೂ ಪೂರ್ತಿ ಬೋಟಲ್ಲ. ಪ್ಲೈವುಡ್ಡಿನಲ್ಲಿ ಮಾಡಿದ ಬೋಟಿನ ಮೂತಿ, ಅದಕ್ಕೊಂದು ಬೀಳುವ ಹಲಗೆ, ಎಲ್ಲವೂ ಒಂದು ಹಳೆಯ ಟ್ರೇಲರಿನ ಮೇಲೆ. ಟ್ರ್ಯಾಕ್ಟರು ಅದನ್ನು ನೀರಿಗೆ ಎಳೆದು ನಿಲ್ಲಿಸುತ್ತಿತ್ತು.

ಬರ್ಮಾ ಅಂದ ಮೇಲೆ ಸಿಪಾಯಿಗಳು ಬೆವರಬೇಕು. ನಮಗೋ ಹಲ್ಲು ಕಟಕಟ. ಮುಖಕ್ಕೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ ಎಂದರೆ ಡಬ್ಬಿಯಲ್ಲಿ ಎಣ್ಣೆ ಕಲ್ಲಾಗಿತ್ತು. ಕಾಫಿ ಫ್ಲಾಸ್ಕಿಗೆ ಒತ್ತಿ ಕರಗಿಸಿದೆವು. ಜಿಪಿ ಸಾಹೇಬರ ಹೆಲ್ಮೆಟ್ಟಿನ ಕೆಳಗೆ ಮಂಕಿ ಕ್ಯಾಪು ಇಣುಕುತ್ತಿತ್ತು. "ಯುದ್ಧದಲ್ಲಿ ಮಂಕಿ ಕ್ಯಾಪ್ ಇರಲಿಲ್ಲ ಲವ್" ಎಂದು ಮೇಡಂ ಅಂದರೆ, "ನನ್ನ ಹೆಂಡತಿ ತೆಗೀಬಾರದು ಅಂದಿದಾಳೆ" ಎಂದರು. ಆ ಆಜ್ಞೆಯ ಮುಂದೆ ಮೇಡಂ ಕೂಡ ಸುಮ್ಮನಾದರು.

ನಾನು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಂದಿದ್ದೆ. ದಾವಣಗೆರೆಯವನು ಇನ್ನೇನು ತರುತ್ತಾನೆ? ಮುಚ್ಚಳ ತೆಗೆದದ್ದೇ ತಡ, ಒಗ್ಗರಣೆ ಮಂಡಕ್ಕಿ ಗಾಳಿಗೆದ್ದು ದಿಬ್ಬದ ಮೇಲೆ ಮಲಗಿದ್ದ ಜಪಾನೀಯರ ಮೇಲೆ ಸುರಿಯಿತು. ಜಪಾನೀಯರೆಂದರೆ ಮೇಡಂ ಗುಂಪಿನ ಮೂವರು ಇಂಗ್ಲಿಷಿನವರು, ಬೆನ್ನು ಮಾತ್ರ ಕ್ಯಾಮೆರಾಕ್ಕೆ. ಬಜ್ಜಿ ತಿಂದು ಅವರ ಕಣ್ಣಲ್ಲಿ ನೀರು ಬಂತು. ನಮ್ಮ ಕಡೆಯಿಂದ ಹಾರಿದ ಮೊದಲ ಗುಂಡು ಅದೇ.

ಸಾಲಿನಲ್ಲಿ ಮೊದಲು ನಿಂತವನು ನಾನು. ಸೈನ್ಯ ಕಟ್ಟಿದವನು ನಾನಾದ್ದರಿಂದ ಯಾರನ್ನೂ ಕೇಳದೆ ಆ ಜಾಗ ತೆಗೆದುಕೊಂಡಿದ್ದೆ. ಹಲಗೆ ಬಿದ್ದಾಗ ಕ್ಯಾಮೆರಾಕ್ಕೆ ಮೊದಲು ಕಾಣುವ ಮುಖ. ನಗಬೇಡಿ, ಅದಕ್ಕಾಗಿ ಹಿಂದಿನ ದಿನ ಕಟಿಂಗ್ ಮಾಡಿಸಿಕೊಂಡಿದ್ದೆ.

ಮಧ್ಯಾಹ್ನ ಸಮುದ್ರ ಬಂತು. ಮೇಡಂ "ಆಕ್ಷನ್" ಎಂದರು. ಪಟಾಕಿ ಸಿಡಿಯಿತು, ಹೊಗೆ ಎದ್ದಿತು, ಹಲಗೆ ಧಡಾರನೆ ಬಿತ್ತು. ಶತ್ರುಗಳ ದಂಡೆಗೆ ಇಳಿಯಬೇಕಾದ ನಾವು ಏನು ಮಾಡಿದೆವು ಗೊತ್ತೇ? ಒಬ್ಬೊಬ್ಬರೂ ಹಲಗೆಯ ತುದಿಗೆ ಬಂದು, ಬಗ್ಗಿ, ನೀರು ಮುಟ್ಟಿ, ಕಣ್ಣಿಗೊತ್ತಿಕೊಂಡು, ತಲೆಗೆ ಪ್ರೋಕ್ಷಣೆ ಮಾಡಿಕೊಂಡು, ಆಮೇಲೆ ಇಳಿದೆವು. ಯಾರೂ ಯಾರಿಗೂ ಹೇಳಿರಲಿಲ್ಲ. ಮೈಸೂರಿನವರು, ಧಾರವಾಡದವರು, ಮಂಗಳೂರಿನವರು, ಎಲ್ಲರ ಕೈಯೂ ತಾನಾಗಿ ಹೋಯಿತು.

"ಕಟ್! ಏನು ಕಳಕೊಂಡ್ರು ಇವರು? ಕಾಂಟ್ಯಾಕ್ಟ್ ಲೆನ್ಸಾ?" ಎಂದು ಮೇಡಂ ಕೂಗಿದರು.

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡು ಬಿದ್ದು ಬಿದ್ದು ನಕ್ಕೆವು. ಎರಡನೆಯ ಸಲ ಯಾರೂ ಬಗ್ಗಬಾರದೆಂದು ಕಟ್ಟುನಿಟ್ಟು. ಜಿಪಿ ಸಾಹೇಬರು ಮಾತ್ರ ಬಗ್ಗಿಬಿಟ್ಟರು. "ಸಾರಿ ಸಾರಿ, ಅಭ್ಯಾಸ ಬಲ" ಎಂದರು.

ಅಷ್ಟರಲ್ಲಿ ದಂಡೆಯ ಮೇಲೆ ಮಡಿಸುವ ಕುರ್ಚಿಯಲ್ಲಿ ಕಂಬಳಿ ಹೊದ್ದು ಕೂತಿದ್ದ ಅಜ್ಜ ಕೈ ಎತ್ತಿದರು. ನಾವೆಲ್ಲ ಅವರ ಸುತ್ತ ನಿಂತೆವು.

"ಅದೇನದು, ನೀವು ಮಾಡಿದ್ದು?"

ತಮ್ಮ ಹೇಳಿದ. ಹೊಳೆಗೋ ಕಡಲಿಗೋ ಇಳಿಯುವ ಮುಂಚೆ ನಾವು ಹಾಗೆ ಮಾಡುತ್ತೇವೆ. ನೀರು ನಮಗೆ ತಾಯಿ. ತಾಯಿಗೆ ಕಾಲು ತಾಗಿಸುವುದು ತಪ್ಪು, ಆದರೆ ಇಳಿಯದೆ ವಿಧಿಯಿಲ್ಲ. ಅದಕ್ಕೆ ಮೊದಲೇ ಕ್ಷಮೆ ಕೇಳಿಕೊಳ್ಳುವುದು. ಚಿಕ್ಕವರಿದ್ದಾಗ ಹರಿಹರದ ಹೊಳೆಗೆ ಕರೆದುಕೊಂಡು ಹೋದರೆ ಅಮ್ಮ ನಮ್ಮಿಬ್ಬರ ಕತ್ತು ಹಿಡಿದು ಬಗ್ಗಿಸಿ, "ಕಾಲಿಡ್ತೀವಿ, ತಪ್ಪು ತಿಳೀಬ್ಯಾಡ ತಾಯಿ ಅನ್ರಲೇ" ಎನ್ನುತ್ತಿದ್ದಳು.

ಅಜ್ಜ ನೀರಿನ ಕಡೆ ತಿರುಗಿದರು.

"ನನ್ನ ಬೋಟಿನಲ್ಲಿ ಮೊದಲು ಇಳಿದವನು ಹಾಗೇ ಮಾಡಿದ" ಎಂದರು. "ಹಲಗೆ ಬೀಳಿಸಿದೆ, ಗುಂಡು ಬರ್ತಿದೆ, ಈ ಮನುಷ್ಯ ಬಗ್ಗಿ ಬೊಗಸೆಯಲ್ಲಿ ನೀರು ತಗೊಂಡ. ಮುಖ ತೊಳೀತಿದಾನೆ ಅಂದುಕೊಂಡೆ. ಸಾಯೋಕೆ ಹೊರಟವನಿಗೆ ಎಂಥಾ ಶೋಕಿ ಅಂತ. ಐವತ್ತು ವರ್ಷ ಪಬ್ಬಿನಲ್ಲಿ ಅದನ್ನ ಹೇಳಿ ಜನರನ್ನ ನಗಿಸಿದೀನಿ."

"ಆಮೇಲೆ ಅವನು?" ತಮ್ಮ ಕೇಳಿದ.

"ಓಡಿದ. ಮೇಲೆ ತಲುಪಿದನೋ ಇಲ್ಲವೋ ಗೊತ್ತಿಲ್ಲ. ಬೋಟು ಖಾಲಿಯಾದ ಕೂಡಲೇ ಹಿಂದಕ್ಕೆ ತೆಗೀಬೇಕಿತ್ತು, ತೆಗೆದೆ."

ಗಾಳಿಗೆ ಕಂಬಳಿ ಪಟಪಟ ಅನ್ನುತ್ತಿತ್ತು. ಮೇಡಂ ಮೂಗು ಒರೆಸಿಕೊಂಡು, "ಹಾಗಾದ್ರೆ ಅದು ಚಿತ್ರದಲ್ಲಿ ಇರಬೇಕು. ಮೊದಲು ಇಳಿಯುವವನು ಮಾತ್ರ ಮಾಡಲಿ" ಎಂದರು. ನಾನು ಎದೆಯುಬ್ಬಿಸಿ ನಿಂತೆ. ಅವರ ಕಣ್ಣು ನನ್ನ ಮುಖದಿಂದ ಹೊಟ್ಟೆಗೆ ಇಳಿಯಿತು, ಅಲ್ಲಿಂದ ಪಕ್ಕಕ್ಕೆ ಹೋಗಿ ತಮ್ಮನ ಮೇಲೆ ನಿಂತಿತು. ವೇಗದ ಬೌಲರನ ಸೊಂಟ, ಉದ್ದ ಕೈ.

"ನೀನು ಮುಂದೆ ಬಾ, ಲವ್. ನೀವು ಇವನ ಹಿಂದೆ."

"ಅಣ್ಣನೇ ಇರಲಿ ಮೇಡಂ" ಎಂದ ತಮ್ಮ.

"ಇರಲಿ ಬಿಡಲೇ" ಎಂದೆ ನಾನು, ಬಾಯಿ ತುಂಬ ನಗುತ್ತಾ. ಆ ನಗು ನನಗೆ ಇವತ್ತಿಗೂ ನೆನಪಿದೆ. ಹಲ್ಲು ಮಾತ್ರ ನಕ್ಕಿತ್ತು.

ಮೂರನೆಯ ಸಲ ಹಲಗೆ ಬಿತ್ತು. ತಮ್ಮ ತುದಿಗೆ ಹೋಗಿ ಒಂದು ಮಂಡಿಯೂರಿ ಬಗ್ಗಿದ. ನೀರು ತೆಗೆದ. ಕಣ್ಣು ಮುಚ್ಚಿದ. ಅಜ್ಜನ ಮಾತು ಅವನೊಳಗೆ ಇಳಿದಿತ್ತೆಂದು ಕಾಣುತ್ತದೆ, ನಟನೆ ಮರೆತು ನಿಜವಾಗಿಯೇ ಕೇಳಿಕೊಳ್ಳುತ್ತಿದ್ದ. ತಡವಾಯಿತು. ನನ್ನ ಬೆನ್ನ ಮೇಲೆ ಮರಳು ತುಂಬಿದ ಚೀಲ, ಹಿಂದೆ ಹತ್ತು ಜನರ ತಳ್ಳಾಟ, ಎದುರಿಗೆ ಕ್ಯಾಮೆರಾ, ಅದರಲ್ಲಿ ತಮ್ಮನೊಬ್ಬನೇ.

ಈ ಕತೆಯನ್ನು ಎಲ್ಲಿ ಹೇಳಿದರೂ ಇಲ್ಲಿಗೆ ಬಂದಾಗ "ತಮ್ಮ ಜಾರಿದ" ಎನ್ನುತ್ತಿದ್ದೆ. ಅವನು ಜಾರಲಿಲ್ಲ. ನಾನು ಮಂಡಿಯಿಂದ ಅವನ ಸೊಂಟಕ್ಕೆ ಗುದ್ದಿದೆ. ಹಿಂದಿನವರು ತಳ್ಳಿದ್ದರಿಂದ ಆದದ್ದಲ್ಲ. ನಾನೇ, ಬೇಕೆಂದು, "ಸರಿಯಲೇ ಆಚೆ" ಎನ್ನುವ ಸಿಟ್ಟಿನಲ್ಲಿ. ಬೀಳಲಿ ಎಂದು ಗುದ್ದಲಿಲ್ಲ, ಅಷ್ಟು ಮಾತ್ರ ನಂಬಿ. ಆದರೆ ಬಿದ್ದ. ಪಕ್ಕಕ್ಕೆ ಉರುಳಿದ, ಅವನ ಎಡಗಾಲು ಹಲಗೆಗೂ ಟ್ರೇಲರಿನ ಕಬ್ಬಿಣಕ್ಕೂ ನಡುವೆ ಸಿಕ್ಕಿತು. "ಅಣ್ಣಾ!" ಎಂದ. ನಾನು ಅವನನ್ನು ದಾಟಿ ನೀರಿಗೆ ಹಾರಿ, ಬಂದೂಕು ತಲೆಯ ಮೇಲೆತ್ತಿ, ದಿಬ್ಬದವರೆಗೂ ಓಡಿದೆ. ಅಷ್ಟು ವೇಗವಾಗಿ ನಾನು ಹಿಂದೆಂದೂ ಓಡಿದವನಲ್ಲ.

ದಿಬ್ಬದ ಮೇಲೆ ನಿಂತು ತಿರುಗಿದರೆ ನನ್ನ ಹಿಂದೆ ಯಾರೂ ಇಲ್ಲ. ಇಡೀ ಸೈನ್ಯ ನೀರಿನಲ್ಲಿ ತಮ್ಮನ ಸುತ್ತ ನಿಂತಿತ್ತು. ತಮ್ಮನನ್ನು ಬಿಟ್ಟೂ ಆ ಸೈನ್ಯದಲ್ಲಿ ಆರು ಜನ ಡಾಕ್ಟರು. ಆರು ಜನರೂ ಆರು ಥರ ಹೇಳುತ್ತಿದ್ದರು. ತಮ್ಮ ಕೂತಲ್ಲಿಂದಲೇ, "ನಾನು ಅರಿವಳಿಕೆಯವನು ಕಣ್ರಪ್ಪ, ಯಾರಾದ್ರೂ ನನ್ನ ಮಲಗಿಸ್ರೋ!" ಎಂದು ಕೂಗುತ್ತಿದ್ದ.

ಮೇಡಂ ನನ್ನ ಹತ್ತಿರ ಬಂದು, "ಲವ್, ನೀವು ತಿರುಗಿಯೂ ನೋಡಲಿಲ್ಲ! ನಿಜವಾದ ಸಿಪಾಯಿ!" ಎಂದರು.

"ನಿಲ್ಲಬಾರದು ಅಂತ ಅಜ್ಜ ಹೇಳಿದ್ರಲ್ಲ" ಎಂದೆ. ಬಾಯಿಗೆ ತಾನಾಗಿ ಬಂತು. ಆಮೇಲೆ ಯಾರೋ "ಅವನು ಕೂಗಿದ್ದು ಕೇಳಿಸ್ಲಿಲ್ವಾ?" ಎಂದಾಗ ಗಾಳಿಯ ವಿಷಯ ಹೇಳಿದೆ.

ಆಸ್ಪತ್ರೆಗೆ ಹೋಗುವಾಗ ಕಾರಿನ ಹಿಂದಿನ ಸೀಟಿನಲ್ಲಿ ಅವನ ಕಾಲು ನನ್ನ ತೊಡೆಯ ಮೇಲಿತ್ತು. ಮುಖ ಬಿಳಿಚಿಕೊಂಡಿತ್ತು. ಆಗ ತಮ್ಮ ಹೇಳಿದ್ದು ಇದು: "ಸಾರಿ ಅಣ್ಣ. ಜಾರಿಬಿಟ್ಟೆ. ನಿನ್ನ ಸೀನು ಹಾಳು ಮಾಡಿದೆ."

ನನ್ನಲ್ಲಿ ಸ್ವಲ್ಪವಾದರೂ ಮರ್ಯಾದೆ ಇದ್ದಿದ್ದರೆ ಆಗಲೇ ಹೇಳಬೇಕಿತ್ತು. ನಾನು, "ಇರಲಿ ಬಿಡಲೇ" ಎಂದೆ.

ಸೀನು ಹಾಳಾಗಲಿಲ್ಲ. ಚಿತ್ರವನ್ನು ಒಂದು ಚರ್ಚಿನ ಸಭಾಂಗಣದಲ್ಲಿ ತೋರಿಸಿದರು. ಕ್ಯಾಮೆರಾ ದಿಬ್ಬದ ಮೇಲಿದ್ದದ್ದರಿಂದ, ಬಗ್ಗಿ ನೀರು ಮುಟ್ಟಿದ ಸಿಪಾಯಿ ಇದ್ದಕ್ಕಿದ್ದಂತೆ ಬೀಳುವುದು ಮಾತ್ರ ಕಂಡಿತು. ಗುಂಡು ತಾಗಿತೆಂದು ಸಭೆ "ಅಯ್ಯೋ" ಎಂದಿತು. ಅವನನ್ನು ದಾಟಿ ಓಡಿ ಬರುವ ದಪ್ಪ ಸಿಪಾಯಿಯ ಮುಖದಲ್ಲಿ ಎಂಥ ದುಃಖ, ಎಂಥ ಛಲ ಎಂದು ಜನ ನನ್ನ ಕೈ ಕುಲುಕಿದರು. ಅಜ್ಜ ಕಣ್ಣೊರೆಸಿಕೊಂಡರು. ತಮ್ಮ ಊರುಗೋಲು ಎತ್ತಿ ಸಿಳ್ಳೆ ಹೊಡೆದ.

ಮೂಳೆ ಕೂಡಿತು. ತಮ್ಮ ಪ್ಲಾಸ್ಟರಿನಲ್ಲೇ ಆಸ್ಪತ್ರೆಗೆ ಹೋದರೆ ರೋಗಿಗಳು "ಡಾಕ್ಟರೇ, ಹಾಸಿಗೆ ಬಿಟ್ಟುಕೊಡಲಾ?" ಎನ್ನುತ್ತಿದ್ದರಂತೆ. ಆದರೆ ಬೇಸಿಗೆ ಬಂದು ಮೈದಾನಕ್ಕೆ ಇಳಿದಾಗ ಎಡಗಾಲು ಆ ಬಡಿತ ತಡೆಯಲಿಲ್ಲ. ಓಟ ಚಿಕ್ಕದಾಯಿತು, ಮರುವರ್ಷ ಇನ್ನೂ ಚಿಕ್ಕದಾಯಿತು. ಕೊನೆಗೆ ನಾಲ್ಕು ಹೆಜ್ಜೆ ನಡೆದು ಸ್ಪಿನ್ ಹಾಕತೊಡಗಿದ, ಅದೂ ಬಿಟ್ಟು ಅಂಪೈರಾದ. "ಒಳ್ಳೇದಾಯ್ತು ಬಿಡಣ್ಣ, ಈಗ ಔಟ್ ಕೊಡೋನೇ ನಾನು" ಎನ್ನುತ್ತಿದ್ದ. ಬಿಳಿ ಕೋಟು ಹಾಕಿ ನಿಂತು, ಬೇರೆಯವರು ಬೌಂಡರಿಯಿಂದ ಓಡಿ ಬರುವುದನ್ನು ಅವನು ನೋಡುವ ಬಗೆಯನ್ನು ನಾನು ನೋಡಲಾರದೆ ಶನಿವಾರ ಹೋಟೆಲಿನಲ್ಲಿ ಡಬಲ್ ಡ್ಯೂಟಿ ಕೇಳಿ ತೆಗೆದುಕೊಂಡೆ.

ಹೇಳಲು ಹೊರಟದ್ದುಂಟು. ಹೇಳಬೇಕು ಅನ್ನಿಸಿದಾಗಲೆಲ್ಲ ಬೆಣ್ಣೆ ದೋಸೆ ಹಾಕಿದೆ. ಮಾತು ಗಂಟಲಿಗೆ ಬಂದರೆ ಇನ್ನೊಂದು ಉಂಡೆ ಬೆಣ್ಣೆ. ಎರಡು ವರ್ಷದಲ್ಲಿ ಅವನ ಹೊಟ್ಟೆ ನನ್ನ ಹೊಟ್ಟೆಗೆ ಸಮ ಬಂತು. ಕೊಲೆಸ್ಟ್ರಾಲ್ ಪರೀಕ್ಷೆಯ ದಿನ, "ಅಣ್ಣ, ನನ್ನ ಮೇಲೆ ಪ್ರೀತಿ ಸ್ವಲ್ಪ ಕಮ್ಮಿ ಮಾಡು" ಎಂದ.

ಅಜ್ಜ ಮಂಗಳವಾರ ಬರುತ್ತಲೇ ಇದ್ದರು. ಪಬ್ಬಿನಲ್ಲಿ ಆ ಕತೆ ಹೇಳುವುದನ್ನು ಬಿಟ್ಟಿರಲಿಲ್ಲ, ಕೊನೆಯನ್ನು ಮಾತ್ರ ತಿದ್ದಿದ್ದರು. "ಅವನು ಮುಖ ತೊಳೀಲಿಲ್ಲ, ಸಮುದ್ರಕ್ಕೆ ಸಾರಿ ಹೇಳಿದ ಅಂತೀನಿ. ಈಗ ಯಾರೂ ನಗಲ್ಲ" ಎಂದರು. "ಅಷ್ಟು ಗುಂಡಿನ ನಡುವೆ ಅವನಿಗೆ ಪುರುಸೊತ್ತಿತ್ತು ನೋಡು." ಪಾಪ, ಅವರು ಯಾರನ್ನೂ ಚುಚ್ಚಲು ಹೇಳಿದ್ದಲ್ಲ. ನಾನು ಸಾಂಬಾರು ತರುವ ನೆಪದಲ್ಲಿ ಒಳಗೆ ಹೋದೆ. ಮುಂದಿನ ಚಳಿಗಾಲದಲ್ಲಿ ಅವರು ತೀರಿಕೊಂಡರು. ಮಣ್ಣಿಗೆ ತಮ್ಮ, ನಾನು ಇಬ್ಬರೂ ಹೋಗಿದ್ದೆವು.

ಅದರ ಮರು ಬೇಸಿಗೆಯಲ್ಲಿ ಅಮ್ಮ ಮೊದಲ ಸಲ ವಿಮಾನ ಹತ್ತಿ ಬಂದಳು. ಖಾನಾವಳಿಯನ್ನು ತನ್ನ ತಂಗಿಗೆ ವಹಿಸಿ, ಮೂರು ತಿಂಗಳಿಗೆಂದು ಮೂವತ್ತು ಕೇಜಿ ಚಟ್ನಿಪುಡಿ, ರೊಟ್ಟಿ ತಂದಿದ್ದಳು. ಮ್ಯಾಂಚೆಸ್ಟರು ನೋಡಿ, "ಇಲ್ಲೂ ಮಿಲ್ ಮುಚ್ಯಾರಲ್ಲಲೇ, ಥೇಟ್ ದಾವಣಗೆರಿ" ಎಂದಳು. ಬಂದ ವಾರಕ್ಕೇ ಹಟ ಹಿಡಿದಳು: "ನನ್ನ ಮಗನ ಕಾಲು ಮುರಿದ ಸಮುದ್ರ ಎಲ್ಲೈತಿ, ತೋರಿಸ್ರಿ."

ತಮ್ಮ ಕಾರು ತೆಗೆದ. ಸೀರೆ, ಅದರ ಮೇಲೆ ಸ್ವೆಟರು, ಕಾಲಿಗೆ ಶೂ, ಹೀಗೆ ಅಮ್ಮ ಮರಳಿನ ಮೇಲೆ ಹೊರಟಳು. ಅವತ್ತು ಸಮುದ್ರ ಬಂದೇ ಇತ್ತು. ದಂಡೆಯ ತುಂಬ ಬಿಸಿಲಿಗೆ ಮೈಯೊಡ್ಡಿದವರು, ಐಸ್‌ಕ್ರೀಂ ವ್ಯಾನು, ನಾಯಿಗಳು. ಗಾಳಿ ಮಾತ್ರ ಹಳೆಯದೇ.

ಅಮ್ಮ ಶೂ ಬಿಚ್ಚಿ, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ನೀರಿನ ಅಂಚಿಗೆ ಹೋಗಿ ಬಗ್ಗಿದಳು. ಮಂಡಿ ಲಟಕ್ ಎಂದದ್ದು ನನಗೆ ಕೇಳಿಸಿತು. ನೀರು ಮುಟ್ಟಿ ಕಣ್ಣಿಗೊತ್ತಿಕೊಂಡು, "ಕಾಲಿಡ್ತೀನಿ, ತಪ್ಪು ತಿಳೀಬ್ಯಾಡ ತಾಯಿ" ಎಂದಳು. ಎದ್ದು ನಿಂತು ಸೊಂಟಕ್ಕೆ ಕೈಯಿಟ್ಟಳು. ಖಾನಾವಳಿಯಲ್ಲಿ ಊಟ ಮಾಡಿ ದುಡ್ಡು ಕೊಡದೆ ಹೊರಟವರ ಮುಂದೆ ನಿಲ್ಲುತ್ತಿದ್ದ ಭಂಗಿ ಅದು.

"ಕ್ಷಮೆ ಕೇಳೋದು ಆತು. ಈಗ ನನ್ನ ಮಾತು ಕೇಳು" ಎಂದು ಸಮುದ್ರಕ್ಕೆ ಶುರು ಮಾಡಿದಳು. "ಏನವ್ವಾ, ಕೈ ಮುಗಿದ ಹುಡುಗನ ಕಾಲು ಮುರಿಯೋದು ಯಾವ ನ್ಯಾಯ? ನಮ್ಮ ಹರಿಹರದ ಹೊಳಿ ಒಂದಿನಾರ ಹಿಂಗ ಮಾಡೈತಾ? ಓಡ್ತಿದ್ದ ನನ್ನ ಮಗ ಈಗ ಕೋಟು ಹಾಕ್ಕೊಂಡು ನಿಂತಾನ. ನಿನಗೇನು ಮಕ್ಕಳಿಲ್ಲೇನು?"

"ಅಮ್ಮ, ಸಾಕು, ಜನ ನೋಡ್ತಿದಾರೆ" ಎಂದು ತಮ್ಮ ನಗುತ್ತಿದ್ದ. "ಸಮುದ್ರದ್ದೇನೂ ತಪ್ಪಿಲ್ಲಮ್ಮ. ನಾನೇ ಜಾರಿದ್ದು."

"ನೀ ಸುಮ್ನಿರು. ಇಕಿಗೆ ಇವತ್ತು ಕೇಳೇ ಬಿಡ್ತೀನಿ."

ನನಗೆ ನಗುವೂ ಬಂತು, ಅಳುವೂ ಬಂತು. ಗಾಳಿಯ ಮೇಲೆ ಹೊರಿಸಿದ್ದೆ, ಅಜ್ಜನ ಮಾತಿನ ಮೇಲೆ ಹೊರಿಸಿದ್ದೆ, ತಮ್ಮ ಅದನ್ನು ತನ್ನ ಮೇಲೆಯೇ ಹಾಕಿಕೊಂಡಿದ್ದ. ಈಗ ಇಡೀ ಸಮುದ್ರ ನನ್ನ ಪರವಾಗಿ ಬೈಸಿಕೊಳ್ಳುತ್ತಿತ್ತು, ಅದೂ ಏನೂ ಎದುರಾಡದೆ ಅಮ್ಮನ ಪಾದ ತೊಳೆಯುತ್ತಾ. ಇನ್ನು ಇದಕ್ಕೆ ಬೆಣ್ಣೆ ದೋಸೆ ಸಾಲದು ಅನ್ನಿಸಿತು.

"ಅದು ಸಮುದ್ರ ಅಲ್ಲಮ್ಮ, ನಾನು" ಎಂದೆ.

ಅಮ್ಮ ಬೈಯುತ್ತಲೇ ಇದ್ದಳು. ತಮ್ಮ ಕಿವಿಗೆ ಕೈಯಿಟ್ಟು ನನ್ನ ಕಡೆ ತಿರುಗಿದ. "ಏನಣ್ಣ? ಗಾಳಿಗೆ ಏನೂ ಕೇಳಿಸ್ತಿಲ್ಲ!"

ಈ ಸಲ ಗಾಳಿ ನಿಜವಾಗಿಯೇ ಇತ್ತು. ಮೆಲ್ಲಗೆ ಹೇಳಿ ಮುಗಿಸುವ ದಾರಿಯೇ ಇರಲಿಲ್ಲ. ನಾನು ಪ್ಯಾಂಟು ಮಡಿಸದೆ ನೀರಿನ ಅಂಚಿಗೆ ಹೋಗಿ, ಬಗ್ಗಿ, ನೀರು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಎದ್ದು, ಐಸ್‌ಕ್ರೀಂ ವ್ಯಾನಿನವನೂ ತಿರುಗಿ ನೋಡುವ ಹಾಗೆ, ದಾವಣಗೆರೆಯ ಗಂಟಲಿನಲ್ಲಿ ಕೂಗಿದೆ:

"ನೀನು ಜಾರಲಿಲ್ಲ ಕಣಲೇ! ನಾನೇ ಮಂಡಿಯಿಂದ ಗುದ್ದಿದೆ! ನೀನು ಅಣ್ಣಾ ಅಂದಿದ್ದು ಕೇಳಿಸ್ತು, ಕೇಳಿಸಿದ್ರೂ ಓಡಿದೆ! ತಪ್ಪಾತು ತಮ್ಮಾ, ನನ್ನ ಕ್ಷಮಿಸಿಬಿಡು!"